ಕೌದಿಗೊಂದು ತೇಪೆ

ಇವತ್ತು ಕೌದಿಯ ಮಾತು, ಹಳೆ ಬಟ್ಟೆ ಸೇರಿಸಿ ಕೈಯಲ್ಲಿ ಹೊಲಿದ ಹೊದಿಕೆಯ ಮಾತು. ಮರಾಠಿಯವರು ಗೋಧಡಿ ಅಂತಾರೆ, ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು ಕವಂದಿ ಅಂತಾರೆ. ಹೆಸರು ಯಾವುದಿದ್ದರೂ ಒಳಗಿರುವುದು ಉಟ್ಟು ಸವೆದ ಸೀರೆ, ಧೋತರ.

ಮುಂಬಯಿಯ ಗಿರಣಿ ಕಾರ್ಮಿಕರಿಗೂ ಇದೇ ಕೌದಿ. 1854ರಲ್ಲಿ ಕಾವಸಜಿ ದಾವರ್ ಅಲ್ಲಿನ ತಾಡದೇವದ ಹತ್ತಿ ಗಿರಣಿಗೆ ಅಡಿಪಾಯ ಹಾಕಿದರು. ಆಮೇಲೆ ಪರಳ, ಲಾಲಬಾಗ, ವರಳಿಯ ತುಂಬ ಚಿಮಣಿಗಳೆದ್ದವು. ಊರಲ್ಲಿ ಹೆಂಡಿರು ಮಕ್ಕಳನ್ನು ಬಿಟ್ಟು ಬಂದ ಗಂಡಸರು ಒಂದೇ ಖೋಲಿಯಲ್ಲಿ ಪಾಳಿಯ ಮೇಲೆ ಮಲಗುತ್ತಿದ್ದರು. ರಾತ್ರಿಪಾಳಿ ಮುಗಿಸಿ ಬಂದವನಿಗೆ, ಆಗಷ್ಟೇ ಎದ್ದು ಹೋದವನ ಕೌದಿ ಇನ್ನೂ ಬೆಚ್ಚಗೇ ಸಿಗುತ್ತಿತ್ತು. ಎರಡು ಮೈಗೆ ಒಂದು ಕೌದಿ. ಹಿಮ್ಮಡಿ ಉಜ್ಜುವಲ್ಲಿ, ಭುಜ ಒತ್ತುವಲ್ಲಿ ಹರಿಯದೆ ಇನ್ನೇನು!

ನಮ್ಮ ಚಾಳಿನಲ್ಲಿ ವಿಜಾಪುರ ಕಡೆಯ ಒಬ್ಬ ಆಯಿ ಇದ್ದಳು. ಮಧ್ಯಾಹ್ನ ನಳದ ನೀರು ನಿಂತ ಮೇಲೆ ಗ್ಯಾಲರಿಯಲ್ಲಿ ಕೌದಿ ಹರವಿ, ಅದರ ಮೇಲೇ ಕೂತು ಹೊಲಿಯುತ್ತಿದ್ದಳು. ಒಮ್ಮೆ ನಾನು ಅಂಗಡಿಯಿಂದ ಹೊಸ ಬಟ್ಟೆಯ ತುಂಡು ತಂದುಕೊಟ್ಟೆ. “ಹೊಸಾ ಅರಿವಿ ಬ್ಯಾಡೋ ತಮ್ಮಾ, ಹಳೇದನ್ನ ಜಗ್ಗಿ ಹರೀತದ” ಅಂದಳು. ಕೌದಿಯಷ್ಟೇ ವಯಸ್ಸಾದ ಬಟ್ಟೆ ಬೇಕು ಅವಳಿಗೆ. ಹರಿದದ್ದನ್ನು ಕತ್ತರಿಸಿ ತೆಗೆಯುತ್ತಿರಲಿಲ್ಲ. ಅದರ ಮೇಲೇ ತೇಪೆ ಇಟ್ಟು, ಅಂಚು ಒಳಮಡಚಿ, ಗಟ್ಟಿ ಇರುವ ಜಾಗಕ್ಕೆ ಮೊದಲ ಹೊಲಿಗೆ. ಆಮೇಲೆ ಸುತ್ತು ಸುತ್ತಿ ನಡುವಿಗೆ ಬರಬೇಕು. ಸಿದ್ದಿಯರೂ ಇಡೀ ಕವಂದಿಯನ್ನು ಹೀಗೆಯೇ ಅಂಚಿನಿಂದ ನಡುವಿಗೆ ಹೊಲಿಯುತ್ತಾರೆ ಎಂದು ಎಷ್ಟೋ ವರ್ಷದ ಮೇಲೆ ತಿಳಿದಾಗ ನನಗೆ ಮೈ ಜುಮ್ಮೆಂದಿತ್ತು. ತೇಪೆಯ ಹೊಲಿಗೆ ಹಳೆ ಹೊಲಿಗೆಯ ಸಾಲಿಗೆ ಕೂಡಿದಲ್ಲಿ ಆಯಿ ಬೆರಳಾಡಿಸಿ ನೋಡುತ್ತಿದ್ದಳು. ಗಂಟು ಕೈಗೆ ತಾಗಬಾರದು. ತೀರಾ ಜೀರ್ಣವಾದ ಕೌದಿಯನ್ನೂ ಎಸೆಯುತ್ತಿರಲಿಲ್ಲ, ಅದು ಮುಂದಿನ ಕೌದಿಯ ಹೊಟ್ಟೆಗೆ.

1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಗಿರಣಿ ಮುಷ್ಕರ ಶುರುವಾಯಿತು, ಸುಮಾರು 2.5 ಲಕ್ಷ ಕಾರ್ಮಿಕರು ಹೊರಗುಳಿದರು, ಗಿರಣಿಗಳು ಮತ್ತೆ ಚೇತರಿಸಿಕೊಳ್ಳಲಿಲ್ಲ. ಅದು ನಿಮಗೆಲ್ಲ ಗೊತ್ತಿರುವ ಕಥೆ. ಆದರೆ ಕೌದಿಗೆ ಏಟು ಬಿದ್ದದ್ದು ಬೇರೆ ಕಡೆಯಿಂದ. ಪಾತ್ರೆ ಹೊತ್ತು ಓಣಿಗೆ ಬರುವ ಭಾಂಡಿವಾಲಿಗೆ ನಾಲ್ಕು ಹಳೆ ಸೀರೆ ಕೊಟ್ಟರೆ ಹೊಳೆಯುವ ಸ್ಟೀಲಿನ ಡಬ್ಬಿ. ಯಾರು ಬೇಡ ಅಂತಾರೆ? ಅಷ್ಟರಲ್ಲಿ ಮೈಮೇಲಿನ ಸೀರೆಯೂ ನೈಲಾನ್, ಪಾಲಿಯೆಸ್ಟರ್ ಆಯಿತು. ಅದು ಬೆವರು ಹೀರುವುದಿಲ್ಲ, ಹಳತಾದರೂ ಮೆತ್ತಗಾಗುವುದಿಲ್ಲ. ಹೊಲಿಯುವ ಕೈ ಇವತ್ತಿಗೂ ಸಿಕ್ಕೀತು, ತೇಪೆಗೆ ಬಟ್ಟೆ ಸಿಗುವುದಿಲ್ಲ. ನನ್ನ ಹೊಟ್ಟೆ ಉರಿಯುವುದು ಇದಕ್ಕೇ. ಮನೆಯಲ್ಲಿ ಹತ್ತಿಯ ಇಳಕಲ್ ಸೀರೆ ಇದ್ದರೆ ದಯವಿಟ್ಟು ಪಾತ್ರೆಗೆ ಕೊಡಬೇಡಿ.

ಮೊನ್ನೆ ನಮ್ಮವ್ವನ ಕೌದಿ ಬಾಯಿಬಿಟ್ಟಿತು. ಹಸಿರು ಸೀರೆ ಹರಿದಲ್ಲಿ ಒಳಗಿನಿಂದ ಇಳಕಲ್ ಸೀರೆಯ ಕೆಂಪು ಗೋಮಿ ದಡಿ ಇಣುಕಿತು, ನಾನು ಎಂದೂ ಕಾಣದ ಸೀರೆ ಅದು. ಬೀರುವೆಲ್ಲ ತಡಕಾಡಿದ ಮೇಲೆ ಅಪ್ಪನ ಒಂದು ಧೋತರ ಸಿಕ್ಕಿದೆ. ಒಗೆದು ಗ್ಯಾಲರಿಯ ಹಗ್ಗಕ್ಕೆ ಹಾಕಿ ಬಂದಿದ್ದೇನೆ.