ಕೆರೆದು ತಂದ ಹೊಳಪು

(ಮಳೆಗಾಲಕ್ಕೆ ಮುನ್ನ ಸೇರಿದ್ದ ಬಳಗದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಾಡು, ಗಣಿ, ಅಣೆಕಟ್ಟುಗಳ ಕುರಿತು ನಾವು ಬಹಳ ಮಾತನಾಡಿದ್ದೇವೆ. ಇಂದು ನಾನು ಮಾತನಾಡಬೇಕೆಂದಿರುವುದು ನಮ್ಮ ನಮ್ಮ ಮನೆಯ ನೆಲದ ಬಗ್ಗೆ. ಕಲ್ಲನ್ನೂ ಕಾಂಕ್ರೀಟನ್ನೂ ಡೈಮಂಡ್ ಪ್ಯಾಡಿನಿಂದ ಉಜ್ಜಿ ಕನ್ನಡಿಯಂತೆ ಮಾಡಿಸುವ ಕೆಲಸದ ಬಗ್ಗೆ. ಇದೂ ಒಂದು ಪರಿಸರದ ಪ್ರಶ್ನೆಯೇ ಎಂದು ನೀವು ಕೇಳಬಹುದು. ಕಳೆದ ವರ್ಷದವರೆಗೆ ನನಗೂ ಹಾಗೆಯೇ ಅನ್ನಿಸುತ್ತಿತ್ತು.

ಕಳೆದ ವರ್ಷ ನಮ್ಮ ಮನೆಯ ಜಗಲಿಗೆ ಗ್ರಾನೈಟ್ ಹಾಸಿಸಿದೆ. ಕಲ್ಲುಗಳು ಏರುಪೇರಾಗಿ ಕೂತಿದ್ದವು. ಸಮ ಮಾಡಿ ಪಾಲಿಶ್ ಕೊಡಲು ಇಬ್ಬರು ಹುಡುಗರು ಬಂದರು. ಮಧ್ಯಾಹ್ನದ ಹೊತ್ತಿಗೆ ಅಂಗಳದ ದಾಸವಾಳದ ಎಲೆಗಳು ಬೆಳ್ಳಗಾಗಿದ್ದವು. ಹುಡುಗರ ರೆಪ್ಪೆಗಳೂ ಬೆಳ್ಳಗಾಗಿದ್ದವು. ಮೂಗಿಗೆ ಇದ್ದದ್ದು ಒಂದೊಂದು ಟವೆಲು ಮಾತ್ರ. "ನೀರು ಹಾಕಿಕೊಂಡು ಮಾಡಬಾರದೇನಪ್ಪಾ?" ಎಂದು ಕೇಳಿದೆ. "ನೀರು ಹಾಕಿದರೆ ಕೆಸರಾಗುತ್ತದೆ ಎಂದು ಮನೆಯವರೇ ಬೈಯುತ್ತಾರೆ, ಸ್ವಾಮಿ" ಎಂದ ಒಬ್ಬ. ಮರುದಿನ ನೀರು ಹಾಕಿಯೇ ಮಾಡಿದರು. ನಾನು ಸಮಾಧಾನಪಟ್ಟೆ. ಸಂಜೆ ಆ ಹಾಲಿನಂಥ ನೀರನ್ನೆಲ್ಲ ಪೈಪು ಹಿಡಿದು ತೋಟದ ಬಸಿಗಾಲುವೆಗೆ ತೊಳೆದುಬಿಟ್ಟವನು ಬೇರೆ ಯಾರೂ ಅಲ್ಲ, ನಾನೇ. ಎಂಟು ದಿನಗಳ ನಂತರ ಕಾಲುವೆಯ ತಳದಲ್ಲಿ ಗಾರೆಯಂತೆ ಬಿಳಿಯ ಪದರ ಕಟ್ಟಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತಿನ ಅರ್ಥ ನನಗೆ ಅಲ್ಲಿ ಆಯಿತು. ಗಾಳಿಗೆ ಹೋಗುವ ಧೂಳನ್ನು ತಪ್ಪಿಸಿ ಹಳ್ಳಕ್ಕೆ ಕಳುಹಿಸಿದ್ದೆ, ಅಷ್ಟೆ.

ಈ ಹೊಳಪು ಎಲ್ಲಿಂದ ಬರುತ್ತದೆ? ಕಲ್ಲಿಗೆ ನಾವು ಏನನ್ನೂ ಬಳಿಯುವುದಿಲ್ಲ, ಕಲ್ಲಿನಿಂದ ತೆಗೆಯುತ್ತೇವೆ. ಗ್ರಾನೈಟಿನಲ್ಲಿರುವ ಬೆಣಚು, ಅಂದರೆ ಕ್ವಾರ್ಟ್ಜ್, ಗಡಸುತನದ ಮೋಸ್ ಮಾಪಕದಲ್ಲಿ 7ನೆಯದು, ವಜ್ರ 10ನೆಯದು. 1954ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಕೃತಕ ವಜ್ರ ತಯಾರಾಯಿತು. ಮುಂದೆ ವಜ್ರದ ಪುಡಿ ಅಗ್ಗವಾಗಿ ಸಾಮಾನ್ಯ ಕೆಲಸಗಾರನ ಕೈಗೂ ಬಂತು. ಅದನ್ನು ರೆಸಿನ್ನಿನಲ್ಲಿಯೋ ಲೋಹದಲ್ಲಿಯೋ ಕೂಡಿಸಿದರೆ ಪ್ಯಾಡ್ ಆಗುತ್ತದೆ. ಮೊದಲು 50ನೆಯ ನಂಬರು, ಆಮೇಲೆ 100, 200, 400, 800, 1500, 3000. ನಂಬರು ಏರಿದಂತೆ ಕಣ ಸಣ್ಣದು. ಪ್ರತಿ ಪ್ಯಾಡೂ ಹಿಂದಿನದರ ಗೀರನ್ನು ಅಳಿಸಿ ತನ್ನ ಸಣ್ಣ ಗೀರನ್ನು ಬಿಡುತ್ತದೆ. ಕೊನೆಗೆ ಗೀರುಗಳು ಬೆಳಕನ್ನು ಚೆದುರಿಸಲಾರದಷ್ಟು ಸೂಕ್ಷ್ಮವಾದಾಗ ನಮ್ಮ ಮುಖ ಅದರಲ್ಲಿ ಕಾಣುತ್ತದೆ.

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಸಾವಿರ ಚದರ ಅಡಿಯ ಕಾಂಕ್ರೀಟ್ ನೆಲವನ್ನು ಕೇವಲ ಒಂದು ಮಿಲಿಮೀಟರ್ ಕೆರೆದರೆ ಹೊರಬರುವ ಪುಡಿ ಸುಮಾರು 220 ಕಿಲೋ. ನಾಲ್ಕು ಸಿಮೆಂಟು ಚೀಲಗಳಿಗಿಂತ ಹೆಚ್ಚು! ಹೊಳೆಯುವ ನೆಲವನ್ನು ನಾವು ಅತಿಥಿಗಳಿಗೆ ತೋರಿಸುತ್ತೇವೆ. ಆ ನಾಲ್ಕು ಚೀಲ ಎಲ್ಲಿ ಹೋಯಿತು ಎಂದು ಯಾರೂ ಕೇಳುವುದಿಲ್ಲ.

ಒಂದು ಪಾಲು ಮನುಷ್ಯನ ಎದೆಗೆ ಹೋಗುತ್ತದೆ. ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ ಧೂಳು ಅಪಾಯಕಾರಿ. ಕೆಲವೇ ಮೈಕ್ರಾನ್ ಗಾತ್ರದ ಸಿಲಿಕಾ ಕಣ ಶ್ವಾಸಕೋಶದ ತುದಿಯವರೆಗೆ ಇಳಿಯುತ್ತದೆ. ಅದನ್ನು ನುಂಗಲು ಹೋದ ರಕ್ಷಕ ಜೀವಕೋಶ ತಾನೇ ಸಾಯುತ್ತದೆ. ಆ ಜಾಗದಲ್ಲಿ ಗಾಯದ ಕಲೆ ಬೆಳೆದು ಶ್ವಾಸಕೋಶ ಗಟ್ಟಿಯಾಗುತ್ತದೆ. ಇದೇ ಸಿಲಿಕೋಸಿಸ್. ಇದನ್ನು ವಾಸಿಮಾಡುವ ಔಷಧಿಯಿಲ್ಲ. ಕ್ಷಯರೋಗಕ್ಕೂ ಇದು ಬಾಗಿಲು ತೆರೆಯುತ್ತದೆ. ಸಿಲಿಕಾ ಧೂಳು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿಯೇ ಘೋಷಿಸಿದೆ. ಅಮೆರಿಕ 2016ರಲ್ಲಿ ಮಾಡಿದ ನಿಯಮದ ಪ್ರಕಾರ ಎಂಟು ಗಂಟೆಯ ಕೆಲಸದಲ್ಲಿ ಒಂದು ಘನ ಮೀಟರ್ ಗಾಳಿಗೆ ಸರಾಸರಿ 50 ಮೈಕ್ರೋಗ್ರಾಂ ಮೀರಕೂಡದು. ಅಡುಗೆಕಟ್ಟೆಗಳಿಗೆ ಈಗ ಬರುತ್ತಿರುವ, ರೆಸಿನ್ನಿನಲ್ಲಿ ಬೆಣಚಿನ ಪುಡಿ ಕೂಡಿಸಿ ಮಾಡಿದ ಕೃತಕ ಕಲ್ಲಿನಲ್ಲಿ ಸಿಲಿಕಾ ಶೇಕಡಾ 90ನ್ನೂ ಮೀರಬಹುದು. ಅದನ್ನು ಕೊರೆದ ತರುಣರು ರೋಗಕ್ಕೆ ತುತ್ತಾದ ಮೇಲೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಕಲ್ಲನ್ನೇ ನಿಷೇಧಿಸಿತು.

ನಮ್ಮಲ್ಲಿಯೂ 1948ರ ಕಾರ್ಖಾನೆ ಕಾಯ್ದೆ ಸಿಲಿಕೋಸಿಸ್ಸನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು. ಆದರೆ ಇಂದು ನಮ್ಮ ಮನೆ, ನಾಳೆ ನಿಮ್ಮ ಮನೆ ಎಂದು ಬೈಕಿನ ಮೇಲೆ ಯಂತ್ರ ಕಟ್ಟಿಕೊಂಡು ತಿರುಗುವ ಹುಡುಗನಿಗೆ ಕಾರ್ಖಾನೆ ಯಾವುದು, ಮಾಲೀಕ ಯಾರು? ಕೆಲಸ ನಡೆಯುವಷ್ಟು ದಿನ ಆ ಮಾಲೀಕ ನಾವೇ.

ಇನ್ನೊಂದು ಪಾಲು ನೀರಿಗೆ ಹೋಗುತ್ತದೆ. ಈ ನುಣುಪು ರಾಡಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ. ಒಣಗಿದರೆ ಮತ್ತೆ ಧೂಳಾಗಿ ಏಳುತ್ತದೆ. ಕಾಂಕ್ರೀಟಿನ ರಾಡಿಯಾದರೆ ಸುಣ್ಣದ ನೀರಿನಷ್ಟು ತೀಕ್ಷ್ಣ ಕ್ಷಾರವೂ ಹೌದು. ಬೇಸಿಗೆಯಲ್ಲಿ ಬೆರಳುಗಾತ್ರ ಹರಿಯುವ ಹಳ್ಳಕ್ಕೆ ಅದನ್ನು ಬಿಟ್ಟರೆ ಮೀನು, ಏಡಿ, ಕಪ್ಪೆಗಳು ಹೋಗುವುದಾದರೂ ಎಲ್ಲಿಗೆ?

ಹಾಗಾದರೆ ಹೊಳಪೇ ಬೇಡವೆ? ನಮ್ಮ ಹಿರಿಯರಿಗೂ ಹೊಳಪಿನ ಆಸೆಯಿತ್ತು. ಬೇಲೂರಿನ ಕಂಬಗಳನ್ನು ನೋಡಿ. ಆ ಶಿಲ್ಪಿಗಳು ಆಯ್ದದ್ದು ಮೃದುವಾದ ಬಳಪದ ಕಲ್ಲನ್ನು. ನಮ್ಮ ಹಳೆಯ ಮನೆಗಳ ಕೆಂಪು ರೆಡ್ ಆಕ್ಸೈಡ್ ನೆಲವನ್ನು ನೋಡಿ. ಹಸಿ ಗಾರೆಯನ್ನು ಕರಣೆಯಿಂದ ಒತ್ತಿ ಒತ್ತಿ ತೀಡಿ, ಎಣ್ಣೆಬಟ್ಟೆಯಿಂದ ಒರೆಸಿ, ಮೂರು ತಲೆಮಾರಿನ ಅಂಗಾಲುಗಳು ಓಡಾಡಿ ಬಂದ ಹೊಳಪು ಅದು. ಅದು ಒತ್ತಿ ತಂದ ಹೊಳಪು. ಇದು ಕೆರೆದು ತಂದ ಹೊಳಪು. ಒತ್ತಿದರೆ ಧೂಳಿಲ್ಲ, ರಾಡಿಯಿಲ್ಲ.

ಡೈಮಂಡ್ ಪ್ಯಾಡನ್ನು ಬಹಿಷ್ಕರಿಸಿ ಎಂದು ನಾನು ಹೇಳಲಾರೆ. ಅದು ಹಲವು ಕುಟುಂಬಗಳ ಅನ್ನ. ಆದರೆ ಮನೆ ಕಟ್ಟಿಸುವವರು, ಹೋಂಸ್ಟೇ ನಡೆಸುವವರು ಇಷ್ಟನ್ನು ಪಾಲಿಸಬಹುದು. ಹೆಚ್ಚಿನ ಪುಡಿ ಬರುವುದು ಮೊದಲಿನ ಒರಟು ಪ್ಯಾಡುಗಳಿಂದ. ಆದ್ದರಿಂದ ಕಲ್ಲನ್ನು ಹಾಸುವಾಗಲೇ ಮಟ್ಟ ನೋಡಿ ಹಾಸಿಸಿ, ಕಾಂಕ್ರೀಟನ್ನು ಹಸಿಯಿರುವಾಗಲೇ ಚೆನ್ನಾಗಿ ತೀಡಿಸಿ. ಮಳೆಗೆ ನೆನೆಯುವ ಜಗಲಿಗೆ, ಮೆಟ್ಟಿಲಿಗೆ ಕನ್ನಡಿಯ ಹೊಳಪು ಬೇಡ. ಆಷಾಢದಲ್ಲಿ ಅಜ್ಜಿ ಜಾರಿ ಬೀಳುವ ಜಾಗ ಅದೇ. ಉಜ್ಜಲೇಬೇಕಾದರೆ ನೀರು ಹಾಕಿ, ವಿದ್ಯುತ್ ಸೋರಿದರೆ ತಕ್ಷಣ ಕಡಿಯುವ ಆರ್‌ಸಿಸಿಬಿ ಅಳವಡಿಸಿ ಉಜ್ಜಿಸಿ. ಟವೆಲು ಮುಖವಾಡವಲ್ಲ, ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಆದರೂ ಇರಲಿ, ಅದರ ಖರ್ಚು ನಮ್ಮದಾಗಿರಲಿ. ರಾಡಿಯನ್ನು ತಾಡಪಾಲು ಹಾಸಿದ ಗುಂಡಿಯಲ್ಲಿ ಒಂದೆರಡು ದಿನ ನಿಲ್ಲಿಸಿ. ಮೇಲಿನ ತಿಳಿನೀರನ್ನು ಮತ್ತೆ ಉಜ್ಜಲು ಬಳಸಿ. ತಳದ ಕೆಸರನ್ನು ಒಣಗಿ ಹಾರುವ ಮುನ್ನವೇ ಅಡಿಪಾಯದ ಕಾಂಕ್ರೀಟಿಗೆ ಅಲ್ಪಸ್ವಲ್ಪವಾಗಿ ಬೆರೆಸಿ.

ಆ ಹುಡುಗ ಹೇಳಿದ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ: ಮನೆಯವರೇ ಬೈಯುತ್ತಾರೆ. ಅಂಗಳ ಕೆಸರಾದೀತೆಂಬ ನಮ್ಮ ಬೈಗುಳಕ್ಕೆ ಹೆದರಿ ಅವನು ಧೂಳು ಕುಡಿಯುತ್ತಾನೆ. ಇಲ್ಲಿಂದ ಹೊರಡುವ ಮುನ್ನ ಕನಿಷ್ಠ ಆ ಬೈಗುಳವನ್ನು ನಿಲ್ಲಿಸುತ್ತೇವೆಂದು ನಿಶ್ಚಯಿಸೋಣ.