ಪಸ್ಕಹಬ್ಬದ ಪೂರ್ವಶೋಧನೆ



ಐಗುಪ್ತದ ದಾಸ್ಯದಿಂದ ಬಿಡುಗಡೆಹೊಂದಿದುದರ ಸ್ಮರಣಾರ್ಥವಾಗಿ ಯೆಹೂದ್ಯರು ಪಸ್ಕಹಬ್ಬವನ್ನು ಆಚರಿಸುವರು. ಹೊರಡುವ ತ್ವರೆಯಲ್ಲಿ ಪೂರ್ವಿಕರ ಕಣಕವು ಹುಳಿಯಲಿಲ್ಲವಾದುದರಿಂದ, ಆ ದಿನಗಳಲ್ಲಿ ಹುಳಿತ ಹಿಟ್ಟಿನ ಪದಾರ್ಥವನ್ನು ತಿನ್ನುವುದಷ್ಟೇ ಅಲ್ಲ, ಮನೆಯಲ್ಲಿ ಇರಿಸಿಕೊಳ್ಳುವುದೂ ನಿಷಿದ್ಧವು. ಆದುದರಿಂದ ನೀಸಾನ್ ಮಾಸದ 14ನೆಯ ದಿನವು ತೊಡಗುವ ರಾತ್ರಿ ಗೃಹಸ್ಥನು ದೀಪ ಹಿಡಿದು ಮೂಲೆಮೂಲೆಗಳನ್ನು ಶೋಧಿಸಿ, ದೊರೆತ ತುಣುಕುಗಳನ್ನು ಮರುದಿನ ಬೆಳಿಗ್ಗೆ ಸುಡುವನು. ಹುಳಿಯು ಹಿಟ್ಟನ್ನು ಉಬ್ಬಿಸುವಂತೆ ಅಹಂಕಾರವು ಮನುಷ್ಯನನ್ನು ಉಬ್ಬಿಸುವುದೆಂದು ಅವರ ಧರ್ಮಗುರುಗಳು ಇದಕ್ಕೆ ಅರ್ಥ ಹೇಳಿರುವರು. ಇದು ಸುಲಭಗ್ರಾಹ್ಯವೇ, ಇದಕ್ಕಿಂತ ಸೂಕ್ಷ್ಮವಾದುದು ಮತ್ತೊಂದುಂಟು.

ಸುಮಾರು ಕ್ರಿ.ಶ. 200ರಲ್ಲಿ ಸಂಕಲಿತವಾದ ಮಿಶ್ನಾ ಎಂಬ ಶಾಸ್ತ್ರಗ್ರಂಥವು ಒಂದು ಶಂಕೆಯನ್ನು ಎತ್ತಿಕೊಳ್ಳುವುದು. ಶೋಧಿಸಿದ ಮನೆಗೆ ಬಿಲದ ಪ್ರಾಣಿಯೊಂದು ಬೇರೆಡೆಯಿಂದ ತುಣುಕನ್ನು ಎಳೆದು ತಂದಿದ್ದರೆ? ಹಾಗೆ ಶಂಕಿಸತೊಡಗಿದರೆ ಊರಿಂದೂರಿಗೆ ಹುಡುಕಬೇಕಾದೀತು, ಅದಕ್ಕೆ ಕೊನೆಯಿಲ್ಲವೆಂದು ಗ್ರಂಥವೇ ಆ ಶಂಕೆಯನ್ನು ತಳ್ಳಿಹಾಕಿರುವುದು. ಎಂಥ ವಿವೇಕ! ಶುಚಿಯ ಹೆಸರಿನಲ್ಲಿ ಸಂಶಯಕ್ಕೆ ಸಿಕ್ಕಿ ಸೊರಗುವವರು ಯಾವ ಮತದಲ್ಲಿಲ್ಲ?

ಹಾಗೆಂದು ಕಾಣದುದನ್ನು ಅಲಕ್ಷಿಸುವಂತಿಲ್ಲ. ಶೋಧನೆ ಮುಗಿದೊಡನೆ ಗೃಹಸ್ಥನು, ಕಣ್ಣಿಗೆ ಬೀಳದೆ ಉಳಿದುದು ತನ್ನದಲ್ಲ, ನೆಲದ ಧೂಳಿಗೆ ಸಮಾನವೆಂದು ಅರಾಮೀ ಭಾಷೆಯಲ್ಲಿ ಹೇಳುವನು. ಆ ಭಾಷೆಯನ್ನರಿಯದವನು ತಾನರಿತ ನುಡಿಯಲ್ಲಿಯೇ ಹೇಳತಕ್ಕದ್ದು. ಇಲ್ಲಿ ಬೇಕಾದುದು ಮನಸ್ಸಿನ ಬಿಡುವಿಕೆ. ಬೆಳಿಗ್ಗೆ ಸುಟ್ಟಾದ ಮೇಲೆ ಅದನ್ನೇ ಮತ್ತೊಮ್ಮೆ ಹೇಳುವಾಗ, ಕಂಡುದು ಕಾಣದುದು ಎರಡನ್ನೂ ಸೇರಿಸಿ ಬಿಟ್ಟುಕೊಡುವನು.