ತೂಕ ಇಳಿಯಲಿ, ಕಸುವು ಉಳಿಯಲಿ

(ಸಂಘದ ವಾರ್ಷಿಕೋತ್ಸವದಲ್ಲಿ ವಿದ್ಯಾರ್ಥಿಗಳಿಗಾಗಿ ಮಾಡಿದ ಭಾಷಣ)



2024ರ ಆಗಸ್ಟ್ 6ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ಒಂದೇ ದಿನ ಮೂರು ಕುಸ್ತಿ ಗೆದ್ದು ಫೈನಲ್ ತಲುಪಿದರು. ರಾತ್ರಿಯಿಡೀ ಬೆವರು ಸುರಿಸಿದರು, ಕೂದಲನ್ನೂ ಕತ್ತರಿಸಿಕೊಂಡರು. ಆದರೂ ಬೆಳಿಗ್ಗೆ ತೂಕ 50 ಕೆ.ಜಿ.ಗಿಂತ 100 ಗ್ರಾಂ ಹೆಚ್ಚಿತ್ತು. ಪದಕ ಕೈತಪ್ಪಿತು.

ಅಷ್ಟು ದೂರ ಹೋಗುವುದು ಬೇಡ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬ ಕುಸ್ತಿಯ ತೂಕಕ್ಕಾಗಿ ಒಂದೂವರೆ ದಿನ ನೀರು ಕುಡಿಯದೆ, ಸಿರುಗುಪ್ಪದ ಬಿಸಿಲಿನಲ್ಲಿ ಸ್ವೆಟರ್ ಹಾಕಿಕೊಂಡು ಓಡಿದ. ತೂಕ ಸರಿಹೋಯಿತು. ಆದರೆ ಅಖಾಡದಲ್ಲಿ ಕಣ್ಣಿಗೆ ಕತ್ತಲೆ ಬಂದು ಕುಸಿದ. ಗ್ಲೂಕೋಸ್ ಏರಿಸಿದ ಮೇಲೆ ಚೇತರಿಸಿಕೊಂಡ. ಹಿಂದಿನ ಸಂಜೆ "ಶಾಬಾಷ್, ಛಲ ಅಂದ್ರೆ ಇದು" ಎಂದು ಅವನ ಬೆನ್ನು ತಟ್ಟಿದವನು ನಾನೇ. ಆ ತಪ್ಪು ಮನಸ್ಸಿನಲ್ಲಿ ಇರುವುದರಿಂದಲೇ ಇಂದು ಈ ವಿಷಯ ಆರಿಸಿಕೊಂಡಿದ್ದೇನೆ.

ಅವನು ಕಳೆದುಕೊಂಡದ್ದು ಕೊಬ್ಬಲ್ಲ, ನೀರು. ದೇಹತೂಕದ ಶೇ. 2ಕ್ಕಿಂತ ಹೆಚ್ಚು ನೀರು ಹೋದರೆ ದಮ್ಮು ಕುಗ್ಗುತ್ತದೆ. 1997ರಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿ ಪ್ರಾಣವನ್ನೇ ಕಳೆದುಕೊಂಡರು.

ಹಾಗಾದರೆ ಸರಿಯಾದ ದಾರಿ ಯಾವುದು? ವಾರಕ್ಕೆ ದೇಹತೂಕದ ಶೇ. ಅರ್ಧದಿಂದ ಒಂದರಷ್ಟು ಮಾತ್ರ ಇಳಿಸಬೇಕು. 60 ಕೆ.ಜಿ.ಯವನಿಗೆ ಅದು 300ರಿಂದ 600 ಗ್ರಾಂ. ಆದ್ದರಿಂದ ಪಂದ್ಯಕ್ಕೆ ತಿಂಗಳುಗಳ ಮೊದಲೇ ಆರಂಭಿಸಬೇಕು. ಊಟ ಕಡಿಮೆಯಾದಾಗ ಸ್ನಾಯು ಕರಗದಂತೆ ಕಾಯುವುದು ಪ್ರೋಟೀನ್. ದಿನಕ್ಕೆ ಕೆ.ಜಿ. ತೂಕಕ್ಕೆ 1.6ರಿಂದ 2 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 8 ಗ್ರಾಂ, 100 ಗ್ರಾಂ ಮೂಳೆಯಿಲ್ಲದ ಕೋಳಿಯಲ್ಲಿ 20ಕ್ಕೂ ಹೆಚ್ಚು ಗ್ರಾಂ ಇರುತ್ತದೆ. ಬೇಳೆ, ಮೊಳಕೆಕಾಳು, ಮೀನು ಇದ್ದೇ ಇವೆ. ನಮ್ಮದು ಭತ್ತದ ನಾಡು, ತಟ್ಟೆಯ ತುಂಬ ಅನ್ನ. ಅನ್ನ, ರೊಟ್ಟಿ ಪೂರ್ತಿ ಬಿಡಬೇಡಿ, ಅಭ್ಯಾಸಕ್ಕೆ ಅವೇ ಇಂಧನ. ಅಳತೆ ತಗ್ಗಿಸಿ. ಮೊದಲು ಬಿಡಬೇಕಾದದ್ದು ಸಂಜೆಯ ಮಿರ್ಚಿ, ಸಕ್ಕರೆ ತುಂಬಿದ ಚಹಾ.

ಇನ್ನು ಡಬ್ಬಿಯ ಪುಡಿಗಳು. ವೇ ಪ್ರೋಟೀನ್ ಎಂದರೆ ಹಾಲಿನದೇ ಪ್ರೋಟೀನ್, ಮಾಯಾಮದ್ದಲ್ಲ. ಕ್ರಿಯಾಟಿನ್ ಬಲಕ್ಕೆ ನೆರವಾದೀತು, ಆದರೆ ದೇಹದಲ್ಲಿ ನೀರು ಹಿಡಿದು ತೂಕ ಏರಿಸಬಹುದು. ಕೊಬ್ಬು ಕರಗಿಸುವ ಮಾತ್ರೆಗಳ ಬಳಿ ಸುಳಿಯಬೇಡಿ. ಅವುಗಳಲ್ಲಿ ಲೇಬಲ್‌ನಲ್ಲಿ ಇಲ್ಲದ ನಿಷೇಧಿತ ವಸ್ತು ಸೇರಿರಬಹುದು. ಮೂತ್ರ ಹೆಚ್ಚಿಸುವ ಮಾತ್ರೆಗಳಂತೂ ಕ್ರೀಡೆಯಲ್ಲಿ ನಿಷಿದ್ಧ. ಸಿಕ್ಕಿಬಿದ್ದರೆ "ಗೊತ್ತಿರಲಿಲ್ಲ ಸಾರ್" ಎನ್ನುವ ಮಾತು ನಡೆಯದು.

ನಮ್ಮ ಜಿಲ್ಲೆಯ ತೋರಣಗಲ್ಲು ಬಳಿ 2018ರಿಂದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಅಲ್ಲಿ ಕಲಿಸುವ ಕುಸ್ತಿ, ಬಾಕ್ಸಿಂಗ್, ಜೂಡೊ ಮೂರೂ ತೂಕದ ಆಟಗಳೇ. ಅಲ್ಲಿಯವರೆಗೆ ಹೋಗುವ ಕನಸು ನಿಮಗಿರಲಿ. ಆದರೆ ಮಕ್ಕಳೇ, ನೀವಿನ್ನೂ ಬೆಳೆಯುವವರು. ತಕ್ಕಡಿಗಾಗಿ ಉಪವಾಸ ಬೀಳಬೇಡಿ, ನಿಮ್ಮ ತೂಕದ ವಿಭಾಗದಲ್ಲೇ ಆಡಿ. ಗುರುಗಳೇ, ಮಗು ನೀರು ಬಿಟ್ಟಿದ್ದರೆ ಬೆನ್ನು ತಟ್ಟಬೇಡಿ, ಮೊದಲು ಒಂದು ಲೋಟ ನೀರು ಕೊಡಿ.